ರಾಪಿಡ್ ರೆಸ್ಪಾನ್ಸ್ ಟೀಮ್: ಶುರು ಮಾಡೋದು ಸುಲಭ, ನಡೆಸ್ಕೊಂಡು ಹೋಗೋದು?

ಇವತ್ತಿನ ವಿಷಯ ಹೆಸರು ಕೇಳಿದ್ರೆ ಒಣ ಅನ್ಸುತ್ತೆ. ಆಸ್ಪತ್ರೆಗಳಲ್ಲಿ ರಾಪಿಡ್ ರೆಸ್ಪಾನ್ಸ್ ಟೀಮ್ ಅಂತ ಒಂದು ವ್ಯವಸ್ಥೆ ಇರುತ್ತೆ. ಅದನ್ನ ಶುರು ಮಾಡೋದರ ಬಗ್ಗೆ ಅಲ್ಲ, ಹತ್ತು ಇಪ್ಪತ್ತು ವರ್ಷ ಉಸಿರು ನಿಲ್ಲದ ಹಾಗೆ ನಡೆಸ್ಕೊಂಡು ಹೋಗೋದರ ಬಗ್ಗೆ ಮಾತಾಡೋಣ. ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಆದ್ರೆ ಇದನ್ನ ಓದ್ತಾ ಹೋದಂತೆ ನನಗನ್ಸಿದ್ದು, ಇದರಲ್ಲಿ ಅರ್ಧ ವೈದ್ಯಕೀಯ, ಇನ್ನರ್ಧ ಅಪ್ಪಟ ಅಕೌಂಟ್ಸ್. ಹಾಗಾಗಿ ಧೈರ್ಯ ಮಾಡ್ತಿದ್ದೀನಿ.

ಮೊದಲು ಒಂದು ಸಿನಿಮಾ ದೃಶ್ಯ ನೆನಪು ಮಾಡ್ಕೊಳ್ಳಿ. ಮಾನಿಟರ್‌ನಲ್ಲಿ ಗೆರೆ ಸಪಾಟಾಗುತ್ತೆ, ಡಾಕ್ಟರ್‌ಗಳು ಓಡಿ ಬರ್ತಾರೆ, ಎದೆ ಒತ್ತುತ್ತಾರೆ, ಶಾಕ್ ಕೊಡ್ತಾರೆ. ನಿಜವಾದ ಆಸ್ಪತ್ರೆಯಲ್ಲಿ ಅದಕ್ಕೆ ಕೋಡ್ ಬ್ಲೂ ಅಂತಾರೆ. ಸಿನಿಮಾದಲ್ಲಿ ಹೀರೋ ಎದ್ದು ಕೂರ್ತಾನೆ. ಆದ್ರೆ ಆಸ್ಪತ್ರೆ ಒಳಗೇ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗೋರು, ಅಮೆರಿಕದಂಥ ಕಡೆ ಕೂಡ, ಸುಮಾರು ನಾಲ್ವರಲ್ಲಿ ಒಬ್ಬರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಈಗ ಅಸಲಿ ವಿಷಯ. ವಾರ್ಡಿನಲ್ಲಿರೋ ರೋಗಿಯ ಹೃದಯ ಬಹಳಷ್ಟು ಸಲ ದಿಢೀರ್ ಅಂತ ನಿಲ್ಲಲ್ಲ. 1990ರಲ್ಲಿ ಮಯಾಮಿಯ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದ್ರು. ಆಸ್ಪತ್ರೆಯಲ್ಲೇ ಹೃದಯ ನಿಂತ 64 ಜನರ ಕೇಸ್ ಶೀಟ್ ತೆಗೆದು ಹಿಂದಕ್ಕೆ ಓದ್ಕೊಂಡು ಹೋದ್ರು. 84 ಪರ್ಸೆಂಟ್ ಜನರಲ್ಲಿ, ಆ ಘಟನೆಗೆ ಮುಂಚಿನ 8 ಗಂಟೆಯೊಳಗೆ ಏನೋ ಹದಗೆಡ್ತಿದೆ ಅನ್ನೋ ಗುರುತು ದಾಖಲಾಗಿತ್ತು. ಉಸಿರಾಟ ಜೋರಾಗಿದೆ, ರೋಗಿ ಏನೋ ಗೊಂದಲದಲ್ಲಿ ಮಾತಾಡ್ತಿದ್ದಾರೆ, ಇಂಥವು. ಬರೆದಿಟ್ಟಿದ್ರು. ಆದ್ರೆ ಬರೆದಿಟ್ಟಿದ್ದನ್ನ ನೋಡಿ ಬರಬೇಕಾದವರು ಸಮಯಕ್ಕೆ ಬಂದಿರಲಿಲ್ಲ.

ಯಾಕೆ ಬರ್ಲಿಲ್ಲ? ಆಸ್ಪತ್ರೆಯ ಏಣಿ ಹೇಗಿದೆ ನೋಡಿ. ನರ್ಸ್ ಇಂಟರ್ನ್‌ಗೆ ಹೇಳಬೇಕು. ಇಂಟರ್ನ್ ತನ್ನ ಮೇಲಿನ ಜೂನಿಯರ್ ಡಾಕ್ಟರ್‌ಗೆ, ಅವರು ಸೀನಿಯರ್‌ಗೆ, ಸೀನಿಯರ್ ಆಪರೇಷನ್ ಥಿಯೇಟರ್ ಒಳಗೆ. ಒಂದೊಂದು ಮೆಟ್ಟಿಲಿಗೂ ಇಪ್ಪತ್ತು ನಿಮಿಷ. ಅತಿ ಹೆಚ್ಚು ಗೊತ್ತಿರೋರು ಐಸಿಯು ಒಳಗೆ ಕೂತಿದ್ದಾರೆ, ಅತಿ ಹೆಚ್ಚು ಬೇಕಾಗಿರೋ ರೋಗಿ ಮೂರನೇ ಮಹಡಿಯ ಜನರಲ್ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ.

ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ಕೆನ್ ಹಿಲ್‌ಮನ್ ಅನ್ನೋ ಐಸಿಯು ತಜ್ಞರು ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ಆ ಏಣಿಯನ್ನೇ ಪಕ್ಕಕ್ಕಿಟ್ರು. ರೋಗಿ ಐಸಿಯುಗೆ ಬರೋ ತನಕ ಕಾಯೋದು ಬೇಡ, ಐಸಿಯು ತಿಳಿದವರೇ ವಾರ್ಡಿಗೆ ಹೋಗಲಿ ಅಂತ. ಅದಕ್ಕೆ ಮೆಡಿಕಲ್ ಎಮರ್ಜೆನ್ಸಿ ಟೀಮ್ ಅಂತ ಹೆಸರಿಟ್ರು. ಹೃದಯ ನಿಂತ ಮೇಲಲ್ಲ, ನಿಲ್ಲೋ ಮುಂಚೆ ಕರೀಬೇಕು. ಯಾವಾಗ ಕರೀಬೇಕು ಅನ್ನೋದಕ್ಕೆ ಒಂದು ಪಟ್ಟಿ. ಮುಂದೆ ಆಸ್ಟ್ರೇಲಿಯಾದಲ್ಲಿ ಹರಡಿದ ಆ ಪಟ್ಟಿ ಹೆಚ್ಚುಕಮ್ಮಿ ಹೀಗಿತ್ತು: ನಿಮಿಷಕ್ಕೆ ಉಸಿರು 5ಕ್ಕಿಂತ ಕಮ್ಮಿ ಅಥವಾ 36ಕ್ಕಿಂತ ಜಾಸ್ತಿ, ನಾಡಿ 40ಕ್ಕಿಂತ ಕಮ್ಮಿ ಅಥವಾ 140ಕ್ಕಿಂತ ಜಾಸ್ತಿ, ಮೇಲಿನ ಬಿಪಿ 90ಕ್ಕಿಂತ ಕೆಳಗೆ, ಪ್ರಜ್ಞೆ ಇದ್ದಕ್ಕಿದ್ದಂತೆ ಕುಸಿಯೋದು, ಫಿಟ್ಸ್ ನಿಲ್ಲದೇ ಇರೋದು. ಪಟ್ಟಿಯ ಕೊನೇ ಸಾಲು ನನಗೆ ಬಹಳ ಇಷ್ಟ. ಯಾವುದೇ ರೋಗಿ ಬಗ್ಗೆ ನಿಮಗೆ ತುಂಬಾ ಆತಂಕ ಆಗ್ತಿದ್ರೆ, ಕರೀರಿ. ನಂಬರ್ ಎಲ್ಲ ಸರಿ ಇದೆ, ಆದ್ರೂ ಯಾಕೋ ಮನಸ್ಸಿಗೆ ಸರಿ ಅನ್ನಿಸ್ತಿಲ್ಲ ಅಂದ್ರೆ ಅದೇ ಸಾಕು. ಇಪ್ಪತ್ತು ವರ್ಷ ವಾರ್ಡಿನಲ್ಲಿ ಓಡಾಡಿದ ನರ್ಸಿನ ಕಣ್ಣಿಗೆ ಆಸ್ಪತ್ರೆ ಅಧಿಕೃತ ಬೆಲೆ ಕೊಟ್ಟಿತು.

ಚೆನ್ನಾಗಿದೆ ಅಲ್ವಾ? ಯಾರಿಗೂ ಬೇಡ ಅನ್ಸಲ್ಲ. 2004ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಜೀವ ಉಳಿಸೋ ಅಭಿಯಾನ ಶುರುವಾಯ್ತು, ಅದರ ಆರು ಅಂಶಗಳಲ್ಲಿ ಈ ಟೀಮ್ ಕೂಡ ಒಂದು. ಆಸ್ಪತ್ರೆಗಳು ಸಾವಿರಗಟ್ಟಲೆ ಸೇರ್ಕೊಂಡವು. ಪೋಸ್ಟರ್, ಟ್ರೈನಿಂಗ್, ಬ್ಯಾಡ್ಜ್. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗೆ.

ಈಗ ಕಥೆಗೆ ತಿರುವು. ಇದು ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ನೋಡೋಕೆ ಆಸ್ಟ್ರೇಲಿಯಾದಲ್ಲಿ ಮೆರಿಟ್ ಅನ್ನೋ ದೊಡ್ಡ ಅಧ್ಯಯನ ನಡೀತು. 23 ಆಸ್ಪತ್ರೆ, ಚೀಟಿ ಎತ್ತಿದ ಹಾಗೆ 12ಕ್ಕೆ ಟೀಮ್ ಕೊಟ್ರು, 11ಕ್ಕೆ ಕೊಡ್ಲಿಲ್ಲ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಾವು, ಹೃದಯ ನಿಲ್ಲೋದು, ಅನಿರೀಕ್ಷಿತವಾಗಿ ಐಸಿಯುಗೆ ಹೋಗೋದು, ಇವೆಲ್ಲ ಸೇರಿಸಿ ನೋಡಿದ್ರೆ ಎರಡು ಗುಂಪಿಗೂ ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ. ಟೀಕೆ ಮಾಡೋರು ಕಾಯ್ತಾನೇ ಇದ್ರು, ನೋಡಿದ್ರಾ ನಾವು ಹೇಳಿರ್ಲಿಲ್ವಾ ಅಂದ್ರು.

ಆದ್ರೆ ಒಳಗಿನ ಅಂಕಿ ಓದಿ. ಟೀಮ್ ಇದ್ದ ಆಸ್ಪತ್ರೆಗಳಲ್ಲಿ, ಪಟ್ಟಿಯ ಪ್ರಕಾರ ಕರೀಬೇಕಾಗಿದ್ದು, ಆಮೇಲೆ ಐಸಿಯು ಸೇರಿದ ರೋಗಿಗಳಲ್ಲಿ, ನಿಜವಾಗಿ ಟೀಮನ್ನ ಕರೆದಿದ್ದು 30 ಪರ್ಸೆಂಟ್‌ಗೆ ಮಾತ್ರ. ಟೀಮ್ ಇದೆ, ಫೋನ್ ಇದೆ, ಕರೆಯೋರಿಲ್ಲ. ಇನ್ನೊಂದು, ತಯಾರಿಗೆ ಕೊಟ್ಟಿದ್ದು 4 ತಿಂಗಳು, ನೋಡಿದ್ದು 6 ತಿಂಗಳು. ನೂರು ವರ್ಷದಿಂದ ಬಂದ ದೊಡ್ಡವರು ಚಿಕ್ಕವರು ಅನ್ನೋ ಅಭ್ಯಾಸ ಹತ್ತು ತಿಂಗಳಲ್ಲಿ ಹೋಗುತ್ತಾ? ನಮ್ಮ ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡ್‌ನಲ್ಲೇ ಬಿಡಬೇಕು ಅನ್ನೋ ನಿಯಮ ಒಪ್ಪಿಗೆ ಆಗೋಕೇ ಎರಡು ವರ್ಷ ಹಿಡೀತು.

ಹಾಗಾಗಿ ನನ್ನ ಪ್ರಕಾರ, ಟೀಮ್ ಒಳ್ಳೇದಾ ಅನ್ನೋದು ತಪ್ಪು ಪ್ರಶ್ನೆ. ಟೀಮ್ ಇದ್ದೂ ಯಾಕೆ ಕರೆಯಲ್ಲ, ಮತ್ತೆ ಕರೆಯೋ ಅಭ್ಯಾಸ ಹೇಗೆ ಉಳಿಯುತ್ತೆ ಅಂತ ಕೇಳಬೇಕು.

ನನ್ನ ದೊಡ್ಡಮ್ಮನ ಮಗಳು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಆಸ್ಪತ್ರೆ ಹೆಸರು ಬೇಡ. ಅವರ ವಾರ್ಡಿನ ಗೋಡೆ ಮೇಲೂ ಒಂದು ಪೋಸ್ಟರ್ ಇದೆ, ಒಂದು ಎಕ್ಸ್‌ಟೆನ್ಷನ್ ನಂಬರ್ ಇದೆ. ನಾನು ಕೇಳ್ದೆ, ಅಕ್ಕ, ನೀವು ಕರೀತೀರಾ? ಅವರು ನಕ್ಕರು. "ಮೊದಲ ವರ್ಷ ಕರೀತಿದ್ವಿ ಕಣೋ. ಒಂದ್ಸಲ ರಾತ್ರಿ ಮೂರು ಗಂಟೆಗೆ ಕರೆದಿದ್ದಕ್ಕೆ, ಇಷ್ಟಕ್ಕೆಲ್ಲ ಕರೀತಾರೇನ್ರೀ ಅಂತ ರೋಗಿ ಕಡೆಯವರ ಮುಂದೇನೇ ಅಂದ್ರು. ಆಮೇಲೆ ಯಾರ್ ಕರೀತಾರೆ?" ಒಂದು ವಾಕ್ಯ. ಅಷ್ಟೇ ಸಾಕಾಯ್ತು. ಅವರೊಬ್ಬರೇ ಅಲ್ಲ, ಆ ಡ್ಯೂಟಿಯಲ್ಲಿದ್ದ ಅಷ್ಟೂ ಜನ ಪಾಠ ಕಲಿತರು. ಬೇರೆ ಬೇರೆ ದೇಶಗಳಲ್ಲಿ ನರ್ಸ್‌ಗಳನ್ನ ಕೇಳಿ ಮಾಡಿದ ಅಧ್ಯಯನಗಳಲ್ಲೂ ಇದೇ ಉತ್ತರ ಮತ್ತೆ ಮತ್ತೆ ಬರುತ್ತೆ. ನಿಯಮ ಗೊತ್ತಿದೆ, ಬೈಸ್ಕೊಳ್ಳೋ ಭಯ.

ಅಕ್ಕ ಇನ್ನೊಂದು ಹೇಳಿದ್ರು. ಚಾರ್ಟ್‌ನಲ್ಲಿ ಉಸಿರಾಟದ ಕಾಲಂ ನೋಡು, ಎಲ್ರಿಗೂ 20, 20, 20 ಅಂತಲೇ ಇರುತ್ತೆ. ನಾಡಿ, ಬಿಪಿ, ಆಕ್ಸಿಜನ್ ಎಲ್ಲಾನೂ ಮೆಷಿನ್ ಹೇಳುತ್ತೆ. ಉಸಿರನ್ನ ಮಾತ್ರ ಮನುಷ್ಯರೇ ನಿಂತು ಒಂದು ನಿಮಿಷ ಎಣಿಸಬೇಕು. ರಾತ್ರಿ ಹದಿನಾಲ್ಕು ಮಂಚಕ್ಕೆ ಒಬ್ಬರೇ ಇದ್ರೆ ಹದಿನಾಲ್ಕು ನಿಮಿಷ ಎಲ್ಲಿಂದ ತರೋದು? ತಮಾಷೆ ಅಂದ್ರೆ, ದೇಹ ಹದಗೆಡುವಾಗ ಬಹಳ ಸಲ ಎಲ್ಲಕ್ಕಿಂತ ಮೊದಲು ಏರುಪೇರಾಗೋದು ಉಸಿರೇ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸ್ ಅನ್ನುತ್ತೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಂಡಾ ಏಕನ್ ಮತ್ತು ತಂಡ 2002ರಲ್ಲಿ ತೋರಿಸಿದ್ದು, ಒಬ್ಬ ನರ್ಸ್ ಮೇಲೆ ಒಬ್ಬ ರೋಗಿ ಹೆಚ್ಚಾದ ಹಾಗೆಲ್ಲ ಆಪರೇಷನ್ ಆದವರು 30 ದಿನದೊಳಗೆ ಸಾಯೋ ಸಂಭವ ಸುಮಾರು 7 ಪರ್ಸೆಂಟ್ ಏರುತ್ತೆ ಅಂತ. ನೋಡೋ ಕಣ್ಣೇ ಇಲ್ಲದಿದ್ರೆ ಓಡಿ ಬರೋ ಕಾಲು ಇದ್ದು ಏನು ಪ್ರಯೋಜನ?

ಸರಿ, ಈಗ ನನ್ನ ಏರಿಯಾಗೆ ಬರ್ತೀನಿ. ದುಡ್ಡು.

ಬಿ.ಕಾಂ. ಓದಿದವರಿಗೆ ಕ್ಯಾಪಿಟಲ್ ಖರ್ಚು, ರೆವೆನ್ಯೂ ಖರ್ಚು ಗೊತ್ತಿರುತ್ತೆ. ಮೆಷಿನ್ ಕೊಳ್ಳೋದು ಕ್ಯಾಪಿಟಲ್. ಒಂದ್ಸಲ ಕೊಂಡ್ರೆ ರಿಬ್ಬನ್ ಕಟ್ ಮಾಡಬಹುದು, ಫೋಟೋ ತೆಗೀಬಹುದು, ಆಸ್ತಿ ಪಟ್ಟಿಯಲ್ಲಿ ತೋರಿಸಬಹುದು. ರಾಪಿಡ್ ರೆಸ್ಪಾನ್ಸ್ ಟೀಮ್ ಪೂರ್ತಿ ರೆವೆನ್ಯೂ ಖರ್ಚು. ಪ್ರತಿ ತಿಂಗಳು ಸಂಬಳ, ಪ್ರತಿ ಬ್ಯಾಚಿಗೂ ಟ್ರೈನಿಂಗ್. ಆಸ್ಟ್ರೇಲಿಯಾದಲ್ಲಿ ಇಂಟರ್ನ್‌ಗಳು ಕೆಲವು ವಾರಕ್ಕೊಮ್ಮೆ ವಿಭಾಗ ಬದಲಾಯಿಸ್ತಾರೆ, ವರ್ಷದ ಆರಂಭದಲ್ಲಿ ಹೊಸ ಬ್ಯಾಚ್ ಬರುತ್ತೆ. ನಮ್ಮಲ್ಲೂ ಪಿಜಿಗಳು ಬರ್ತಾರೆ ಹೋಗ್ತಾರೆ, ನರ್ಸ್‌ಗಳು ಎರಡು ವರ್ಷ ಅನುಭವ ಆದ್ರೆ ಗಲ್ಫ್‌ಗೋ ಲಂಡನ್‌ಗೋ ಹಾರ್ತಾರೆ. ತಿಳಿವಳಿಕೆ ಕಟ್ಟಡದಲ್ಲಿ ಇರಲ್ಲ, ಜನರ ತಲೆಯಲ್ಲಿರುತ್ತೆ, ಜನ ಹೊರಟ್ರೆ ಅದೂ ಹೊರಡುತ್ತೆ. ಇದೂ ಒಂಥರಾ ಡಿಪ್ರಿಸಿಯೇಷನ್ನೇ, ಯಾವ ಬ್ಯಾಲೆನ್ಸ್ ಶೀಟ್‌ನಲ್ಲೂ ಬರಲ್ಲ ಅಷ್ಟೇ.

ಇನ್ನು ಲಾಭದ ಕಡೆ. ಈ ಟೀಮಿನ ಲಾಭ ಏನು? ಆಗದೇ ಹೋದ ಒಂದು ಸಾವು. ಅದನ್ನ ಯಾವ ಲೆಡ್ಜರ್‌ನಲ್ಲಿ ಬರೀತೀರಾ? ಉಳಿದವರಿಗೆ ತಾವು ಉಳಿದಿದ್ದು ಅಂತಾನೂ ಗೊತ್ತಿರಲ್ಲ, ಡಿಸ್ಚಾರ್ಜ್ ಆಗಿ ಇಡ್ಲಿ ತಿನ್ನೋಕೆ ಹೋಗಿರ್ತಾರೆ. ಹಾಗಾಗಿ ಬಜೆಟ್ ಬಿಗಿ ಆದಾಗ ಕತ್ತರಿ ಮೊದಲು ಬೀಳೋದು ಇಂಥದ್ದರ ಮೇಲೆ. ಮೊದಲು ಟ್ರೈನಿಂಗ್ ನಿಲ್ಲುತ್ತೆ, ಆಮೇಲೆ ಲೆಕ್ಕ ಇಡೋ ನರ್ಸನ್ನ ಬೇರೆ ಕೆಲಸಕ್ಕೆ ಹಾಕ್ತಾರೆ. ಕೊನೆಗೆ ಪೋಸ್ಟರ್ ಮಾತ್ರ ಉಳಿಯುತ್ತೆ. ತುಂಬಾ ಕಡೆ ಟೀಮಿಗೆ ಅಂತ ಪ್ರತ್ಯೇಕ ದುಡ್ಡೇ ಇರಲ್ಲ, ಐಸಿಯುನಲ್ಲಿ ಡ್ಯೂಟಿಯಲ್ಲಿರೋರೇ ಎದ್ದು ಓಡಬೇಕು. ಅವರು ವಾರ್ಡಿಗೆ ಓಡಿದಾಗ ಐಸಿಯು ರೋಗಿಯನ್ನ ಯಾರು ನೋಡ್ತಾರೆ?

2005ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಈ ಕ್ಷೇತ್ರದ ತಜ್ಞರು ಸೇರಿ ಇಡೀ ವ್ಯವಸ್ಥೆಗೆ ನಾಲ್ಕು ಅಂಗ ಅಂದ್ರು. ಗುರುತಿಸಿ ಕರೆಯೋದು ಒಂದು, ಓಡಿ ಬರೋದು ಇನ್ನೊಂದು, ಲೆಕ್ಕ ಇಟ್ಟು ತಿದ್ದಿಕೊಳ್ಳೋದು ಮೂರನೇದು, ಆಡಳಿತ ನಾಲ್ಕನೇದು. ಎಲ್ರೂ ಫೋಟೋ ತೆಗೆಯೋದು ಎರಡನೇದರದ್ದು. ಮೊದಲ ವರ್ಷದ ನಂತರ ಇಡೀ ಭಾರ ಬೀಳೋದು ಮೂರು ಮತ್ತು ನಾಲ್ಕರ ಮೇಲೆ. ಯಾರೋ ಒಬ್ಬ ಉತ್ಸಾಹಿ ಡಾಕ್ಟರ್ ತಲೆ ಮೇಲೆ ಹೊತ್ತು ನಡೆಸ್ತಿರ್ತಾರೆ, ಅವರು ಬೇರೆ ಆಸ್ಪತ್ರೆಗೆ ಹೋದ ದಿನ ಟೀಮೂ ಅವರ ಜೊತೆ ಹೋಗುತ್ತೆ.

ಹಾಗಾದ್ರೆ ಉಳಿಸ್ಕೊಂಡವರು ಹೇಗೆ ಉಳಿಸ್ಕೊಂಡ್ರು? ಸಿಡ್ನಿ ಇರೋ ನ್ಯೂ ಸೌತ್ ವೇಲ್ಸ್ ರಾಜ್ಯದ್ದೇ ಉದಾಹರಣೆ ತಗೊಳ್ತೀನಿ. ದಾರಿ ಸಂತೋಷದ್ದಲ್ಲ. 2005ರಲ್ಲಿ ಅಲ್ಲಿ 16 ವರ್ಷದ ಹುಡುಗಿಯೊಬ್ಬಳು ತಲೆಗೆ ಗಾಲ್ಫ್ ಚೆಂಡು ಬಡಿದು ದೊಡ್ಡ ಆಸ್ಪತ್ರೆ ಸೇರಿದಳು, ಅಲ್ಲೇ ತೀರಿಕೊಂಡಳು. ಸಾವಿಗೆ ಕಾರಣ ಚೆಂಡಿನ ಪೆಟ್ಟಲ್ಲ, ನೋವಿಗೆ ಕೊಟ್ಟ ಔಷಧಿಯಿಂದ ಉಸಿರು ಕುಗ್ಗಿದ್ದು. ಆ ವಿಚಾರಣೆಯ ಬೆನ್ನಿಗೇ ಪೀಟರ್ ಗಾರ್ಲಿಂಗ್ ನೇತೃತ್ವದಲ್ಲಿ ಸರ್ಕಾರಿ ಆಸ್ಪತ್ರೆಗಳ ಬಗ್ಗೆ ತನಿಖಾ ಆಯೋಗ ಬಂತು, 2008ರಲ್ಲಿ ವರದಿ ಕೊಡ್ತು. ಅದಾದ ಮೇಲೆ 2010ರಲ್ಲಿ ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಗೆಲ್ಲ 'ಬಿಟ್ವೀನ್ ದಿ ಫ್ಲ್ಯಾಗ್ಸ್' ಅನ್ನೋ ಒಂದೇ ಕಾರ್ಯಕ್ರಮ ಬಂತು.

ಹೆಸರು ಬಂದಿದ್ದು ಅವರ ಬೀಚ್‌ನಿಂದ. ಆಸ್ಟ್ರೇಲಿಯಾದ ಕಡಲತೀರದಲ್ಲಿ ಕೆಂಪು-ಹಳದಿ ಬಾವುಟ ಎರಡು ನೆಟ್ಟಿರ್ತಾರೆ, ಅವೆರಡರ ಮಧ್ಯ ಈಜಿದ್ರೆ ಕಾವಲುಗಾರರ ಕಣ್ಣು ನಿಮ್ಮ ಮೇಲಿರುತ್ತೆ. ಬಾವುಟ ದಾಟಿ ಕೊಚ್ಚಿಹೋಗ್ತಿದ್ರೆ ಮುಳುಗೋ ಮುಂಚೆ ಹಿಡೀಬೇಕು. ರೋಗಿಯ ಚಾರ್ಟನ್ನ ಹಾಗೇ ಮಾಡಿದ್ರು. ನಾಡಿ, ಉಸಿರು, ಬಿಪಿ ಬರೆಯೋ ಹಾಳೆಯಲ್ಲೇ ಹಳದಿ ಪಟ್ಟಿ, ಕೆಂಪು ಪಟ್ಟಿ. ಚುಕ್ಕಿ ಹಳದಿಗೆ ಬಿದ್ರೆ ವಾರ್ಡಿನ ಡಾಕ್ಟರ್ 30 ನಿಮಿಷದೊಳಗೆ ಬಂದು ನೋಡಬೇಕು. ಬರ್ಲಿಲ್ವಾ? ಅದನ್ನೇ ಕೆಂಪು ಅಂತ ಪರಿಗಣಿಸಿ ರಾಪಿಡ್ ರೆಸ್ಪಾನ್ಸ್ ಟೀಮನ್ನ ಕರೀಬಹುದು. ಕೆಂಪಿಗೇ ಬಿದ್ರೆ ತಕ್ಷಣ ಕರೆ.

ಇದರಲ್ಲಿ ಜಾಣತನ ಎಲ್ಲಿದೆ ಅಂದ್ರೆ, ನಿರ್ಧಾರದ ಭಾರವನ್ನ ನರ್ಸಿನ ಭುಜದಿಂದ ಹಾಳೆ ಮೇಲೆ ಇಟ್ರು. ಯಾಕ್ರೀ ಕರೆದ್ರಿ ಅಂದ್ರೆ, ಚುಕ್ಕಿ ಕೆಂಪಲ್ಲಿತ್ತು ಸರ್ ಅನ್ನಬಹುದು. ಜಗಳ ಹಾಳೆ ಜೊತೆ ಮಾಡ್ಕೊಳ್ಳಲಿ. ಒಂದು ಆಸ್ಪತ್ರೆಯಲ್ಲಿ ಕಲಿತ ಇಂಟರ್ನ್ ಇನ್ನೊಂದಕ್ಕೆ ಹೋದ್ರೂ ಅದೇ ಬಣ್ಣ, ಅದೇ ಹಾಳೆ. ಜನ ಬದಲಾದ್ರೂ ತಿಳಿವಳಿಕೆ ಪೂರ್ತಿ ಸೋರಿಹೋಗಲ್ಲ. ಆಮೇಲೆ ರಾಷ್ಟ್ರಮಟ್ಟದಲ್ಲಿ 2011ರ ಸುರಕ್ಷತಾ ಮಾನದಂಡಗಳಲ್ಲಿ, ಹದಗೆಡ್ತಿರೋ ರೋಗಿಯನ್ನ ಗುರುತಿಸಿ ಸ್ಪಂದಿಸೋದೇ ಒಂದು ಪ್ರತ್ಯೇಕ ಮಾನದಂಡ ಆಯ್ತು. ಅಂದ್ರೆ ಅದಿಲ್ಲದಿದ್ರೆ ಆಸ್ಪತ್ರೆಯ ಮಾನ್ಯತೆಗೇ ಪೆಟ್ಟು. ಆಡಿಟರ್ ಬರ್ತಾರೆ ಅಂದ್ರೆ ಅಂಗಡಿಯವರು ಬಿಲ್ ಪುಸ್ತಕ ಹುಡುಕ್ತಾರಲ್ಲ, ಅದೇ. ಒಳ್ಳೆ ಮನಸ್ಸಿನ ಮೇಲೆ ನಿಂತಿದ್ದನ್ನ ಆಡಿಟ್ ಮೇಲೆ ನಿಲ್ಲಿಸಿದ್ರು.

ಫಲ? ಮೆರಿಟ್‌ನ ಆರು ತಿಂಗಳ ಕನ್ನಡಕ ತೆಗೆದು ನೋಡಿ. ಆ ರಾಜ್ಯದಲ್ಲಿ 2002ರಿಂದ 2009ರವರೆಗೆ, ಅಂದ್ರೆ ಬಣ್ಣದ ಚಾರ್ಟ್ ಬರೋಕೂ ಮುಂಚೆಯೇ, ಒಂದೊಂದೇ ಆಸ್ಪತ್ರೆ ಇಂಥ ಟೀಮ್ ಕಟ್ಟಿಕೊಂಡ ಎಂಟು ವರ್ಷದಲ್ಲಿ ಆಸ್ಪತ್ರೆಯೊಳಗೆ ಹೃದಯ ನಿಲ್ಲೋ ಪ್ರಮಾಣ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಎಲ್ಲಾ ಟೀಮಿಂದಲೇ ಅಂತ ಹೇಳೋಕಾಗಲ್ಲ, ಬೇರೆ ಕಾರಣಗಳೂ ಇರುತ್ತೆ. ಮೆಲ್ಬರ್ನ್‌ನ ಆಸ್ಟಿನ್ ಆಸ್ಪತ್ರೆಯವರು ಇನ್ನೊಂದು ಗಮನಿಸಿದ್ರು. ಕರೆಗಳು ಹೆಚ್ಚಾದ ಹಾಗೆ ಹೃದಯ ನಿಲ್ಲೋದು ಕಮ್ಮಿ ಆಗ್ತಾ ಹೋಯ್ತು. ಅವರ ಲೆಕ್ಕದಲ್ಲಿ ಹೆಚ್ಚುವರಿ 17 ಕರೆಗೆ ಒಂದು ಕಾರ್ಡಿಯಾಕ್ ಅರೆಸ್ಟ್ ತಪ್ಪಿರಬಹುದು. ಅಂದ್ರೆ 16 ಸಲ ಟೀಮ್ ಓಡಿ ಬಂದು, ಇಷ್ಟಕ್ಕಾ ಅಂದ್ಕೊಂಡು ವಾಪಸ್ ಹೋಗಬೇಕು. ಆ 16 ಕರೆ ಬೆಲೆ. ಅದನ್ನ ಕೊಡೋಕೆ ಮನಸ್ಸಿಲ್ಲದಿದ್ರೆ ಹದಿನೇಳನೇದು ಸಿಗಲ್ಲ. ರಾತ್ರಿ ಮೂರಕ್ಕೆ ಬೈದ ಆ ಡಾಕ್ಟರ್‌ಗೆ ಈ ಲೆಕ್ಕ ಯಾರೂ ಹೇಳಿಲ್ಲ ಅನ್ಸುತ್ತೆ.

ಇದೇ ಆಸ್ಟಿನ್‌ನವರು ಕರೆ ಬರೋ ಹೊತ್ತನ್ನೂ ನೋಡಿದ್ರು. ಡ್ಯೂಟಿ ಬದಲಾಗೋ ವೇಳೆಗೆ, ರೌಂಡ್ಸ್ ಹೊತ್ತಿಗೆ ಕರೆ ಜಾಸ್ತಿ. ರೋಗಿಗಳು ಗಡಿಯಾರ ನೋಡ್ಕೊಂಡು ಹದಗೆಡಲ್ಲ ಅಲ್ವಾ? ನಾವು ನೋಡಿದಾಗ ಮಾತ್ರ ಹದಗೆಟ್ಟಿದ್ದು ಕಾಣುತ್ತೆ. ಕರೆಗಳ ಪುಸ್ತಕವನ್ನ ಪ್ರತಿ ತಿಂಗಳು ಕೂತು ಓದೋ ಆಸ್ಪತ್ರೆಗೆ ಮಾತ್ರ ಇದು ಗೊತ್ತಾಗೋದು.

ಗೆದ್ದ ಮೇಲೂ ತಲೆನೋವು ಮುಗಿಯಲ್ಲ. ಆಸ್ಟ್ರೇಲಿಯಾದಲ್ಲಿ ಈಗಿನ ದೂರು ಉಲ್ಟಾ, ಕರೆ ತುಂಬಾ ಜಾಸ್ತಿ, ಐಸಿಯು ಜನ ಸುಸ್ತು, ವಾರ್ಡಿನ ಡಾಕ್ಟರ್‌ಗಳು ಎಲ್ಲದಕ್ಕೂ ಟೀಮ್ ಇದೆಯಲ್ಲ ಅಂತ ಕೈಬಿಡ್ತಾರೆ. ಇನ್ನೊಂದು, ಯಾರೂ ಊಹಿಸದ ಕೆಲಸ ಟೀಮಿನ ತಲೆಗೆ ಬಿತ್ತು. ಹಲವು ಆಸ್ಪತ್ರೆಗಳ ಕರೆ ನೋಡಿದ್ರೆ ಸುಮಾರು ಮೂರರಲ್ಲಿ ಒಂದು, ಇನ್ನೆಷ್ಟು ಚಿಕಿತ್ಸೆ ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಅನ್ನೋ ಪ್ರಶ್ನೆ ಇರೋ ರೋಗಿಗಳದ್ದು. ವಯಸ್ಸಾದವರು, ಕಾಯಿಲೆ ಕೊನೆ ಹಂತದಲ್ಲಿರೋರು. ವಾರಗಟ್ಟಲೆ ಅವರನ್ನ ನೋಡ್ಕೊಂಡ ಡಾಕ್ಟರ್ ಮನೆಯವರ ಜೊತೆ ಆಡದೇ ಉಳಿಸಿದ ಮಾತನ್ನ, ಐದು ನಿಮಿಷದ ಹಿಂದೆ ಬಂದ ಅಪರಿಚಿತ ತಂಡ ಆಡಬೇಕು. ಇದಕ್ಕೆ ಬಣ್ಣದ ಚಾರ್ಟ್ ಉತ್ತರ ಅಲ್ಲ. ಮುಂಚೆಯೇ ಕೂತು ಮಾತಾಡೋ ಧೈರ್ಯ ಬೇಕು, ಆ ಧೈರ್ಯ ನಮ್ಮಲ್ಲಿ ಇನ್ನೂ ಕಮ್ಮಿ. ಅದರದ್ದೇ ಬೇರೆ ಸಂಚಿಕೆ ಮಾಡಬೇಕು.

ಕೊನೇದಾಗಿ, ನಮಗೆ ಅಂದ್ರೆ ರೋಗಿ ಕಡೆಯವರಿಗೆ ಸಂಬಂಧಪಟ್ಟಿದ್ದು. ಟೀಮನ್ನ ಮನೆಯವರೇ ಕರೆಯೋ ಹಾಗಿದ್ರೆ? ಇದು ಕನಸಲ್ಲ. ಪಿಟ್ಸ್‌ಬರ್ಗ್‌ನ ಒಂದು ಆಸ್ಪತ್ರೆಯಲ್ಲಿ 2005ರಲ್ಲೇ ಕಂಡಿಷನ್ ಎಚ್ ಅಂತ ಶುರುವಾಯ್ತು, ಎಚ್ ಅಂದ್ರೆ ಹೆಲ್ಪ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2013ರಿಂದ ರಯಾನ್ಸ್ ರೂಲ್, 2007ರಲ್ಲಿ ತೀರಿಕೊಂಡ, ಇನ್ನೂ ಮೂರು ತುಂಬದ ಮಗುವಿನ ಹೆಸರಲ್ಲಿ. ಇಂಗ್ಲೆಂಡ್‌ನಲ್ಲಿ 2024ರಿಂದ ಮಾರ್ಥಾಸ್ ರೂಲ್, 2021ರಲ್ಲಿ ತೀರಿಕೊಂಡ 13ರ ಹುಡುಗಿಯ ಹೆಸರಲ್ಲಿ. ಎರಡರ ಹಿಂದೆಯೂ ಒಂದೇ ಕಥೆ, ಅಪ್ಪ ಅಮ್ಮ ಹೇಳ್ತಾನೇ ಇದ್ರು, ಮಗು ಎಂದಿನಂತಿಲ್ಲ ಅಂತ. ಯಾರೂ ಕೇಳಿಸಿಕೊಳ್ಳಲಿಲ್ಲ.

ನಮ್ಮ ಆಸ್ಪತ್ರೆಗಳಲ್ಲಿ ಒಂದು ವಿಶೇಷ ಇದೆ. ಅಲ್ಲೆಲ್ಲ ಮನೆಯವರು ವಿಸಿಟಿಂಗ್ ಅವರ್ಸ್‌ನಲ್ಲಿ ಬರ್ತಾರೆ. ಇಲ್ಲಿ ಮಂಚದ ಪಕ್ಕದ ಸ್ಟೂಲ್ ಮೇಲೆ, ಇಲ್ಲಾ ಮಂಚದ ಕೆಳಗೆ ಚಾಪೆ ಹಾಸ್ಕೊಂಡು, ಯಾರೋ ಒಬ್ಬರು ಇಪ್ಪತ್ನಾಲ್ಕು ಗಂಟೆ ಇರ್ತಾರೆ. ಹದಿನಾಲ್ಕು ಮಂಚಕ್ಕೆ ಒಬ್ಬ ನರ್ಸ್ ಇರಬಹುದು, ಆದ್ರೆ ಹದಿನಾಲ್ಕು ಜೊತೆ ಕಣ್ಣು ಎಚ್ಚರವಾಗಿರುತ್ತೆ. ಅಪ್ಪ ಯಾಕೋ ಸರಿಯಾಗಿ ಮಾತಾಡ್ತಿಲ್ಲ ಅಂತ ಮೊದಲು ಗೊತ್ತಾಗೋದು ಅಲ್ಲಿ ಕೂತ ಮಗಳಿಗೆ. ಅವಳಿಂದ ನಾವು ಮಾಡಿಸೋದು ಔಷಧಿ ಚೀಟಿ ಹಿಡ್ಕೊಂಡು ಫಾರ್ಮಸಿಗೆ ಓಡೋದು, ಬಿಲ್ ಕೌಂಟರ್ ಮುಂದೆ ನಿಲ್ಲೋದು. ಆ ಗೋಡೆಯ ನಂಬರ್ ಅವಳಿಗೆ ಕೊಟ್ರೆ ಕಾರಣವಿಲ್ಲದೇ ಕರೀತಾರೆ ಅನ್ನೋ ಭಯ ಡಾಕ್ಟರ್‌ಗಳಿಗೆ ಇರುತ್ತೆ. ಕರೀತಾರೆ, ನಿಜ. ಹದಿನೇಳರ ಲೆಕ್ಕ ಇಲ್ಲೂ ಅನ್ವಯ.

ನಿಮ್ಮ ಕೈಲಿ ಇವತ್ತೇ ಆಗೋ ಒಂದು ಕೆಲಸ ಹೇಳ್ತೀನಿ. ಮುಂದೆ ಯಾರನ್ನಾದ್ರೂ ಅಡ್ಮಿಟ್ ಮಾಡಿದಾಗ, ಅವರು ಸುಮ್ಮನೆ ಮಲಗಿರೋವಾಗ, ಎಣಿಸ್ತಿದ್ದೀನಿ ಅಂತ ಹೇಳದೇನೇ ಎದೆ ಏರಿಳಿಯೋದನ್ನ ಪೂರ್ತಿ ಒಂದು ನಿಮಿಷ ಎಣಿಸಿ. ಫೋನ್‌ನಲ್ಲಿ ಟೈಮರ್ ಇದ್ದೇ ಇದೆ. ದೊಡ್ಡವರಿಗೆ 12ರಿಂದ 20 ಸಾಮಾನ್ಯ. ಬ್ರಿಟನ್‌ನಲ್ಲಿ ಬಳಸೋ ಅಂಕಪಟ್ಟಿಯಲ್ಲಿ 25 ಮತ್ತು ಮೇಲಕ್ಕೆ ಹೋದ್ರೆ ಆ ಒಂದಕ್ಕೇ ಗರಿಷ್ಠ ಮೂರು ಅಂಕ. ಹೋಗಿ ಹೇಳುವಾಗ, ಸುಸ್ತಾಗಿದ್ದಾರೆ ಸಿಸ್ಟರ್ ಅನ್ನಬೇಡಿ. ಒಂದು ನಿಮಿಷಕ್ಕೆ 28 ಸಲ ಉಸಿರಾಡ್ತಿದ್ದಾರೆ ಸಿಸ್ಟರ್, ಬೆಳಿಗ್ಗೆ 18 ಇತ್ತು ಅನ್ನಿ. ಸಂಖ್ಯೆಗೆ ಎದ್ದು ಬರ್ತಾರೆ. ಮತ್ತೆ ಅಡ್ಮಿಷನ್ ಕೌಂಟರ್‌ನಲ್ಲಿ ಡಿಪಾಸಿಟ್ ಕಟ್ಟೋವಾಗಲೇ ಕೇಳಿ, ರಾತ್ರಿ ರೋಗಿ ಹದಗೆಟ್ರೆ ಯಾರು ಬರ್ತಾರೆ, ಎಷ್ಟು ಹೊತ್ತಲ್ಲಿ ಬರ್ತಾರೆ ಅಂತ.

ಕೇಳ್ತಿರೋರಲ್ಲಿ ನರ್ಸ್‌ಗಳಿದ್ರೆ, ನಿಮ್ಮ ವಾರ್ಡಿನ ಆ ನಂಬರ್‌ಗೆ ಕೊನೇ ಸಲ ಫೋನ್ ಮಾಡಿದ್ದು ಯಾವಾಗ, ಆ ಕಡೆಯಿಂದ ಮೊದಲು ಕೇಳಿಸಿದ ಮಾತು ಏನು, ಒಂದು ವಾಯ್ಸ್ ನೋಟ್ ಕಳಿಸಿ. ಹೆಸರು ಬೇಡ, ಆಸ್ಪತ್ರೆ ಹೆಸರೂ ಬೇಡ. ಮುಂದಿನ ವಾರ ಅವನ್ನೇ ಕೇಳಿಸ್ತೀನಿ.